ಉಪ್ಪು, ಸಕ್ಕರೆ, ನೀರು ಮತ್ತು ಕರುಳಿನ ಬಾಗಿಲುಗಳು

ಬೇಸಿಗೆಯಲ್ಲಿ ಒಂದು ಸ್ವಸಹಾಯ ಸಂಘದ ಸಭೆ ನಡೆಸುತ್ತಿದ್ದಾಗ ಒಬ್ಬ ತಾಯಿ ವರ್ಷ ತುಂಬಿದ ಮಗುವನ್ನು ಎತ್ತಿಕೊಂಡು ಬಂದರು. ಎರಡು ದಿನದಿಂದ ಭೇದಿ. "ನೀರು ಕೊಟ್ಟಷ್ಟೂ ಹರಿದು ಹೋಗುತ್ತೆ, ಕೊಡ್ಬೇಡ ಅಂದ್ರು ನಮ್ಮತ್ತೆ. ನಾನೇ ಓ.ಆರ್.ಎಸ್. ಪುಡಿ ತಂದು ಕುಡಿಸ್ದೆ ಸಿಸ್ಟರ್, ಆದ್ರೂ ಜಾಸ್ತಿನೇ ಆಯ್ತು" ಅಂದರು. ಎಷ್ಟು ನೀರಿಗೆ ಹಾಕಿದಿರಿ ಎಂದು ಕೇಳಿದೆವು. ಒಂದು ಲೀಟರಿನ ಇಡೀ ಪೊಟ್ಟಣವನ್ನು ಒಂದೇ ಲೋಟ ನೀರಿಗೆ ಹಾಕಿದ್ದರು! ಮಗುವಿನ ಕಣ್ಣು ಗುಳಿಬಿದ್ದಿತ್ತು. ಸಭೆ ನಿಲ್ಲಿಸಿ ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಡ್ರಿಪ್ ಹಾಕಿದರು, ಮಗು ಉಳಿಯಿತು.

ತಪ್ಪು ಆ ತಾಯಿಯದು ಮಾತ್ರವಲ್ಲ. "ಒಂದು ಪೊಟ್ಟಣ, ಒಂದು ಲೀಟರ್" ಎಂದು ನಾವು ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದೆವೇ ಹೊರತು ಯಾಕೆ ಅಂತ ಹೇಳಿರಲಿಲ್ಲ. ಈಗ ಹೇಳುತ್ತೇವೆ.

ನಮ್ಮ ದೇಹದ ಪ್ರತಿಯೊಂದು ಜೀವಕೋಶಕ್ಕೂ ತೆಳುವಾದ ಪೊರೆಯೊಂದಿದೆ. ಅದು ಎರಡು ಪದರದ ಕೊಬ್ಬು. ನಾವು ಉಸಿರಾಡುವ ಆಮ್ಲಜನಕ ಅದರಲ್ಲಿ ಸಲೀಸಾಗಿ ನುಸುಳುತ್ತದೆ. ಉಪ್ಪು, ಸಕ್ಕರೆ ಹಾಗಲ್ಲ; ಅವಕ್ಕೆ ಪ್ರೋಟೀನಿನಿಂದಾದ ಬಾಗಿಲುಗಳು ಬೇಕು. ನೀರಿನ ಸ್ವಭಾವವೋ, ಉಪ್ಪು ಸಕ್ಕರೆ ಎಲ್ಲಿ ಹೆಚ್ಚಿದೆಯೋ ಅತ್ತ ಹರಿಯುವುದು. ಮಾವಿನಮಿಡಿಗೆ ಉಪ್ಪು ಬೆರೆಸಿಟ್ಟರೆ ಮಿಡಿ ಸುರುಟಿ ಭರಣಿ ತುಂಬ ನೀರು ಬಿಡುತ್ತದಲ್ಲ, ಅದೇ ಕೆಲಸ. ಒಂದು ಲೋಟಕ್ಕೆ ಇಡೀ ಪೊಟ್ಟಣ ಹಾಕಿದಾಗ ಆ ಮಗುವಿನ ಕರುಳಲ್ಲಿ ಆದದ್ದೂ ಇದೇ. ಮೈಯಲ್ಲಿದ್ದ ನೀರೂ ಕರುಳಿಗೆ ಇಳಿಯಿತು. ಭೇದಿಯಾದಾಗ ಸಿಹಿ ತಂಪುಪಾನೀಯ ಬೇಡ ಎನ್ನುವುದೂ ಇದಕ್ಕೇ.

ಕಾಲರಾ ಬಂದಾಗ ರೋಗಾಣುವಿನ ವಿಷವು ಕರುಳಿನ ಕೋಶಗಳಲ್ಲಿ ಕ್ಲೋರೈಡ್ ಹೊರಹೋಗುವ ಬಾಗಿಲನ್ನು ತೆರೆದೇ ಇಟ್ಟುಬಿಡುತ್ತದೆ. ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಬರೀ ನೀರು ಕುಡಿಸಿದರೆ ಸಾಲುವುದಿಲ್ಲ ಎಂಬ ಅತ್ತೆಯ ಮಾತಿನಲ್ಲಿ ಅಷ್ಟರಮಟ್ಟಿಗೆ ನಿಜವಿದೆ. ಆದರೆ ಇನ್ನೊಂದು ಬಾಗಿಲು ಕೆಡದೆ ಉಳಿದಿರುತ್ತದೆ. ಅದು ಜೋಡಿ ಬಂದರೆ ಮಾತ್ರ ಒಳಗೆ ಬಿಡುವ ಬಾಗಿಲು. ಗ್ಲೂಕೋಸಿನ ಒಂದು ಕಣಕ್ಕೆ ಸೋಡಿಯಂನ ಎರಡು ಕಣ ಜೊತೆಯಾಗಿ ಒಳಹೋಗುತ್ತವೆ. ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ. ಒಳಬಂದ ಸೋಡಿಯಂ ಅನ್ನು ಕೋಶದ ಇನ್ನೊಂದು ಬದಿಯ ಪಂಪು ಶಕ್ತಿ ಖರ್ಚು ಮಾಡಿ ರಕ್ತದ ಕಡೆಗೆ ದೂಡುತ್ತಿರುತ್ತದೆ. ಹಾಗಾಗಿ ಬಾಗಿಲ ಕೆಲಸ ನಿಲ್ಲುವುದಿಲ್ಲ.

ಈ ಜೋಡಿ ಸಾಗಾಟವನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ವಿವರಿಸಿದರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬಂಗಾಂವ್‌ನಲ್ಲಿ ಕಾಲರಾದಿಂದ ಸಾಯುತ್ತಿದ್ದರು, ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದಿದ್ದವು. ಡಾ. ದಿಲೀಪ್ ಮಹಲಾನಬೀಸ್ ಗ್ಲೂಕೋಸ್, ಅಡಿಗೆ ಉಪ್ಪು, ಅಡಿಗೆ ಸೋಡಾ ಬೆರೆಸಿ ಪೊಟ್ಟಣ ಮಾಡಿಸಿ ನೀರಲ್ಲಿ ಕದಡಿ ಕುಡಿಸಿದರು. ಕುಡಿಸಿದ್ದು ನರ್ಸ್‌ಗಳಷ್ಟೇ ಅಲ್ಲ, ರೋಗಿಗಳ ಮನೆಯವರೇ. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರು ತೀರಿಕೊಂಡದ್ದು 2022ರಲ್ಲಿ. ಪದ್ಮವಿಭೂಷಣ ಬಂದದ್ದು 2023ರಲ್ಲಿ. ಬಹಳ ತಡವಾಯಿತೆಂದು ನಮಗನಿಸುತ್ತದೆ.

ಈಗಿನ ಒಂದು ಲೀಟರಿನ ಪೊಟ್ಟಣದಲ್ಲಿ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರುತ್ತದೆ. ಸಣ್ಣ ಪೊಟ್ಟಣಗಳೂ ಸಿಗುತ್ತವೆ, ಅವು 200 ಮಿ.ಲೀ. ನೀರಿಗೆ. ಆದ್ದರಿಂದ ಮೇಲೆ ಬರೆದಿರುವ ಅಳತೆ ಓದಿಸಿಕೊಳ್ಳಿ. ಕುದಿಸಿ ಆರಿಸಿದ ನೀರಿಗೆ ಹಾಕಿ, ಮತ್ತೆ ಸಕ್ಕರೆ ಸೇರಿಸಬೇಡಿ. 24 ಗಂಟೆ ದಾಟಿದರೆ ಚೆಲ್ಲಿ. ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ. ಎದೆಹಾಲು ನಿಲ್ಲಿಸಬಾರದು. ಜಿಂಕ್ ಮಾತ್ರೆಯನ್ನು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ, ಭೇದಿ ನಿಂತರೂ 14 ದಿನ ಕೊಡಬೇಕು. ಮಗು ಮಂಕಾದರೆ, ಉಚ್ಚೆ ನಿಂತರೆ, ಕುಡಿಯಲು ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಿ.

ಮುಂದಿನ ತಿಂಗಳ ಸಭೆಗೆ ಆ ಅತ್ತೆಯೂ ಬಂದಿದ್ದರು. ಮನೆಯಲ್ಲಿ ಅಳತೆ ಪಾತ್ರೆ ಇಲ್ಲವಲ್ಲ ಎಂದರು. ಒಂದು ಲೀಟರಿನ ಖಾಲಿ ನೀರಿನ ಬಾಟಲಿಯನ್ನು ತೊಳೆದು ಅವರ ಕೈಗೆ ಕೊಟ್ಟೆವು.