ದುಡಿಮೆಯ ತಾಣದಲ್ಲಿ ಕಾವಲು ಕ್ಯಾಮೆರಾ: ಕಾನೂನು ಮತ್ತು ಖಾಸಗಿತನ

(ಟೋರ್ಸ್‌ಲಾಂಡದ ಕನ್ನಡ ಬಂಧುಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವೈದ್ಯನಾದವನು ಕಾನೂನಿನ ವಿಷಯ ಮಾತನಾಡುವುದೇಕೆಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಪರರ ದೇಹವನ್ನು ಪರೀಕ್ಷಿಸುವ ಅಧಿಕಾರ ವೈದ್ಯನಿಗಿದೆ; ಆದರೆ ಅದಕ್ಕೆ ಮೂರು ಕಟ್ಟುಪಾಡುಗಳಿವೆ. ಕಾರಣವಿಲ್ಲದೆ ನೋಡಬಾರದು, ಅಗತ್ಯಕ್ಕಿಂತ ಹೆಚ್ಚು ನೋಡಬಾರದು, ಕಂಡದ್ದನ್ನು ಹೊರಗೆ ಆಡಬಾರದು. ಕೆಲಸದ ಸ್ಥಳದ ಕ್ಯಾಮೆರಾದ ಬಗ್ಗೆ ಸ್ವೀಡನ್ನಿನ ಕಾನೂನು ಹೇಳುವುದೂ ಬಹುಮಟ್ಟಿಗೆ ಇದನ್ನೇ.

1964ರಲ್ಲಿ ವೋಲ್ವೋ ಕಾರ್ಖಾನೆ ಆರಂಭವಾದಂದಿನಿಂದ ಟೋರ್ಸ್‌ಲಾಂಡ ದುಡಿಯುವವರ ಊರಾಗಿದೆ. ಬೆಂಗಳೂರಿನಿಂದ ಇಲ್ಲಿಗೆ ಬರುವ ನಮ್ಮವರಿಗೆ ಕ್ಯಾಮೆರಾ ಹೊಸದಲ್ಲ. ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯಿದೆಯು ಜನ ಹೆಚ್ಚಾಗಿ ಸೇರುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಲೇಬೇಕು, ಚಿತ್ರಗಳನ್ನು 30 ದಿನ ಕಾಪಾಡಬೇಕು ಎಂದು ವಿಧಿಸುತ್ತದೆ. ಅಲ್ಲಿ ಕ್ಯಾಮೆರಾ ಹಾಕದಿದ್ದವನು ಉತ್ತರ ಕೊಡಬೇಕು. ಇಲ್ಲಿ ಹಾಕಿದವನು ಉತ್ತರ ಕೊಡಬೇಕು. ಈ ವ್ಯತ್ಯಾಸವನ್ನು ಅರಿಯದೆ ನಮ್ಮವರು ಅನೇಕರು, ತಲೆಯ ಮೇಲೆ ಕ್ಯಾಮೆರಾ ಕಂಡರೂ ಪ್ರಶ್ನಿಸುವ ಹಕ್ಕು ತಮಗಿಲ್ಲವೆಂದು ಭಾವಿಸುತ್ತಾರೆ.

ಇಡೀ ರಾಷ್ಟ್ರಕ್ಕೆ ಅನ್ವಯಿಸುವ ದತ್ತಾಂಶ ರಕ್ಷಣಾ ಕಾನೂನನ್ನು ಜಗತ್ತಿನಲ್ಲಿ ಮೊದಲು ರೂಪಿಸಿದ ದೇಶ ಸ್ವೀಡನ್. ಅದು 1973ರ ಮಾತು. ಈಗ ಮುಖ್ಯವಾದವು ಎರಡು: 2018ರ ಮೇ 25ರಿಂದ ಅನ್ವಯವಾಗುತ್ತಿರುವ ಐರೋಪ್ಯ ಒಕ್ಕೂಟದ ಜಿ.ಡಿ.ಪಿ.ಆರ್. ನಿಯಮ ಮತ್ತು ಅದೇ ವರ್ಷದ ಆಗಸ್ಟ್ 1ರಂದು ಜಾರಿಗೆ ಬಂದ ಸ್ವೀಡನ್ನಿನ ಕ್ಯಾಮೆರಾ ಕಾವಲು ಕಾಯಿದೆ. ಸಾರ್ವಜನಿಕರಿಗೆ ಪ್ರವೇಶವಿಲ್ಲದ ಕಾರ್ಖಾನೆಯಲ್ಲೋ ಗೋದಾಮಿನಲ್ಲೋ ಕ್ಯಾಮೆರಾ ಹಾಕಲು ಖಾಸಗಿ ಕಂಪನಿಗೆ ಸರ್ಕಾರದ ಪರವಾನಗಿ ಬೇಕಿಲ್ಲ. ಆದರೆ ಪರವಾನಗಿ ಬೇಡವೆಂದ ಮಾತ್ರಕ್ಕೆ ನಿಯಮವೇ ಇಲ್ಲವೆಂದಲ್ಲ.

ಮೊದಲನೆಯದು ಕಾರಣ. ಕಳ್ಳತನ, ಹಲ್ಲೆ, ಅಪಘಾತ ಮುಂತಾದ ನಿಜವಾದ ಸಮಸ್ಯೆ ಇರಬೇಕು. ಬೀಗ, ದೀಪ, ಕಾವಲುಗಾರ ಇಂತಹ ಸೌಮ್ಯ ಉಪಾಯಗಳು ಸಾಲದಾಗಿರಬೇಕು. ಕ್ಷ-ಕಿರಣಕ್ಕೆ ಮುನ್ನ ವೈದ್ಯರು ಕೇಳಿಕೊಳ್ಳುವ ಪ್ರಶ್ನೆಯೂ ಇದೇ. ಎರಡನೆಯದು ಮಿತಿ. ಕಳ್ಳತನ ತಡೆಯಲೆಂದು ಹಾಕಿದ ಕ್ಯಾಮೆರಾದಿಂದ ಯಾರು ಎಷ್ಟು ಹೊತ್ತು ಕಾಫಿ ಕುಡಿದರೆಂದು ಎಣಿಸುವಂತಿಲ್ಲ. ಚಿತ್ರಗಳನ್ನು 72 ಗಂಟೆ ಮೀರಿ ಇಡುವಷ್ಟಕ್ಕೂ ಹೆಚ್ಚು ಬಲವಾದ ಸಮರ್ಥನೆ ಬೇಕೆಂದು ಐರೋಪ್ಯ ದತ್ತಾಂಶ ರಕ್ಷಣಾ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳಲ್ಲಿ ಗುಟ್ಟಾಗಿ ಚಿತ್ರ ತೆಗೆಯುವುದು 2013ರಿಂದ ಇಲ್ಲಿ ದಂಡಾರ್ಹ ಅಪರಾಧ. ಮೂರನೆಯದು ಗೌಪ್ಯತೆ. ಚಿತ್ರಗಳನ್ನು ನಿರ್ವಹಿಸುವವರು ಅದರಿಂದ ತಿಳಿದ ಪರರ ವಿಷಯವನ್ನು ಅಕ್ರಮವಾಗಿ ಬಹಿರಂಗಪಡಿಸಬಾರದು.

“ನಾನು ಒಪ್ಪಿಗೆಗೆ ಸಹಿ ಹಾಕಿಬಿಟ್ಟಿದ್ದೇನಲ್ಲ” ಎಂಬ ಸಂಶಯ ಕೆಲವರನ್ನು ಕಾಡುತ್ತದೆ. 2018ರಲ್ಲಿ ಉತ್ತರ ಸ್ವೀಡನ್ನಿನ ಶೆಲೆಫ್ಟಿಯೋದ ಒಂದು ಪ್ರೌಢಶಾಲೆ 22 ವಿದ್ಯಾರ್ಥಿಗಳ ಹಾಜರಿಯನ್ನು ಮುಖ ಗುರುತಿಸುವ ಕ್ಯಾಮೆರಾದಿಂದ ದಾಖಲಿಸಿತು. ಎಲ್ಲರೂ ಒಪ್ಪಿದ್ದರೆಂದು ಶಾಲೆ ವಾದಿಸಿತು. ಶಾಲೆಯ ಅಧೀನದಲ್ಲಿರುವವರ ಒಪ್ಪಿಗೆ ಸ್ವತಂತ್ರವಾದದ್ದಲ್ಲವೆಂದು ಪ್ರಾಧಿಕಾರ ಅದನ್ನು ತಳ್ಳಿಹಾಕಿ, 2 ಲಕ್ಷ ಕ್ರೋನಾ ದಂಡ ವಿಧಿಸಿತು. ಯಜಮಾನ ಮತ್ತು ನೌಕರನ ನಡುವೆಯೂ ಇದೇ ಅಸಮತೆ ಇದೆ. ಕೆಲಸದ ಪರವಾನಗಿಯ ಮೇಲೆ ಬಂದು, ಸಂಸಾರವನ್ನೆಲ್ಲ ಅದಕ್ಕೇ ನೆಚ್ಚಿಕೊಂಡವರಿಗಂತೂ “ಒಲ್ಲೆ” ಎನ್ನುವುದು ಸುಲಭವಲ್ಲ. ಆದಕಾರಣ ಕೇವಲ ಸಹಿಯ ಆಧಾರದ ಮೇಲೆ ನೌಕರರನ್ನು ಚಿತ್ರೀಕರಿಸುವುದು ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಯಜಮಾನನ ಪಕ್ಷವನ್ನೂ ಹೇಳಬೇಕು. ಸ್ಪೇನಿನ ಒಂದು ಅಂಗಡಿಯಲ್ಲಿ 2009ರಲ್ಲಿ ಸರಕು ಕಾಣೆಯಾಗತೊಡಗಿದಾಗ ಗಲ್ಲಾಪೆಟ್ಟಿಗೆಗಳ ಬಳಿ ಗುಪ್ತ ಕ್ಯಾಮೆರಾ ಇಡಲಾಯಿತು. ಹತ್ತು ದಿನಗಳಲ್ಲಿ ತಪ್ಪಿತಸ್ಥರು ಸಿಕ್ಕರು. 2019ರ ಅಕ್ಟೋಬರ್ 17ರಂದು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವು ಇದರಿಂದ ಖಾಸಗಿತನದ ಹಕ್ಕು ಉಲ್ಲಂಘನೆಯಾಗಿಲ್ಲವೆಂದು ತೀರ್ಪಿತ್ತಿತು. ಬಲವಾದ ಶಂಕೆ, ಭಾರಿ ನಷ್ಟ, ಸೀಮಿತ ಜಾಗ, ಅಲ್ಪಾವಧಿ ಇವೆಲ್ಲ ಒಟ್ಟಿಗೆ ಇದ್ದುದರಿಂದ ಆ ತೀರ್ಪು ಬಂತು. ಎಲ್ಲೆಡೆಯೂ ಗುಟ್ಟಾಗಿ ನೋಡಲು ಅದು ಅಪ್ಪಣೆಯಲ್ಲ.

ಹಾಗಾದರೆ ನೌಕರನು ಮಾಡಬೇಕಾದುದೇನು? ಕ್ಯಾಮೆರಾ ಯಾವ ಉದ್ದೇಶಕ್ಕೆ, ಚಿತ್ರ ಎಷ್ಟು ದಿನ ಇರುತ್ತದೆ, ಯಾರು ನೋಡುತ್ತಾರೆ, ಧ್ವನಿಯೂ ದಾಖಲಾಗುತ್ತದೆಯೇ ಎಂದು ಬರಹದಲ್ಲಿ ಕೇಳಿರಿ. ನಿಮ್ಮ ಚಿತ್ರದ ಪ್ರತಿಯನ್ನು ಕೋರುವ ಹಕ್ಕಿದೆ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಬರಬೇಕು. ಕಾರ್ಮಿಕ ಸಂಘದವರನ್ನೂ ವಿಚಾರಿಸಿರಿ. 1976ರ ಸಹನಿರ್ಣಯ ಕಾಯಿದೆಯಂತೆ, ಸಾಮೂಹಿಕ ಒಪ್ಪಂದವಿರುವ ಕಡೆ ಇಂತಹ ಮಹತ್ವದ ಬದಲಾವಣೆಗೆ ಮುನ್ನ ಯಜಮಾನನು ಸಂಘದೊಡನೆ ಮಾತುಕತೆ ನಡೆಸಬೇಕು. ಸಮಾಧಾನ ಸಿಗದಿದ್ದರೆ, 2021ರಿಂದ ಐ.ಎಂ.ವೈ. ಎಂಬ ಹೆಸರಿನಿಂದ ನಡೆಯುತ್ತಿರುವ ಖಾಸಗಿತನ ರಕ್ಷಣಾ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು. ನಮ್ಮಲ್ಲಿ ಸ್ವಂತ ಅಂಗಡಿ, ಹೋಟೆಲು ನಡೆಸುವವರಿಗೂ ಇದೇ ನಿಯಮಗಳು ಅನ್ವಯಿಸುತ್ತವೆ ಎಂಬುದನ್ನು ಮರೆಯಬಾರದು.

ಖಾಸಗಿತನವೆಂಬುದು ಪಶ್ಚಿಮದವರ ಕಲ್ಪನೆ, ನಮ್ಮದಲ್ಲ ಎನ್ನುವವರಿದ್ದಾರೆ. 2017ರ ಆಗಸ್ಟ್ 24ರಂದು ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ತಮ್ಮ ಇಳಿವಯಸ್ಸಿನಲ್ಲಿ ಕನ್ನಡನಾಡಿನ ಹಿರಿಯರೊಬ್ಬರು ಎತ್ತಿದ ಪ್ರಶ್ನೆಯನ್ನು, ಕಾನೂನಿನ ಆಸರೆಯಿರುವ ಈ ನಾಡಿನಲ್ಲಿ ನಾವು ವಿನಯದಿಂದಲೂ ನಿರ್ಭಯವಾಗಿಯೂ ಕೇಳಬಹುದು.