ಸ್ಟಿಯರಿಂಗ್ ಮೊದಲು, ಬಣ್ಣ ಆಮೇಲೆ

ಮಗನೊಂದಿಗೆ ಸೇರಿ ಒಂದು ಹಳೆಯ ಕಾರನ್ನು ರಿಪೇರಿ ಮಾಡಿ ಓಡಿಸಬೇಕೆಂಬುದು ನಮ್ಮ ಮನೆಯ ಬಹುದಿನದ ಆಸೆ. ಹಾಗೆ ನಮ್ಮ ಗರಾಜಿಗೆ ಬಂದದ್ದು 1966ರ ಫೋರ್ಡ್ ಮಸ್ಟ್ಯಾಂಗ್. 4.7 ಲೀಟರಿನ ವಿ-8 ಎಂಜಿನ್, ಬಲದಲ್ಲಿ ಭೀಮಸೇನ. ಬಂದ ದಿನವೇ ಮಗನ ಪ್ರಶ್ನೆ: "ಅಪ್ಪಾ, ಯಾವ ಬಣ್ಣ ಹೊಡೆಸೋಣ?" ಹೆಚ್ಚಿನವರು ಶುರು ಮಾಡುವುದೇ ಅಲ್ಲಿಂದ. ಬಣ್ಣ ಕೊನೆಯ ಕೆಲಸವೆಂದು ನಾವು ಕಲಿತದ್ದು ನಿಧಾನವಾಗಿ. ಇಂಥ ಸಾಹಸಕ್ಕೆ ಕೈಹಾಕುವವರಿಗೆ ಉಪಯೋಗವಾದೀತೆಂದು ನಾಲ್ಕು ಮಾತು.

ತುಕ್ಕು

ಆ ಕಾಲದ ಮಸ್ಟ್ಯಾಂಗಿನಲ್ಲಿ ಮುಂದಿನ ಗಾಜಿನ ಕೆಳಗೆ ಗಾಳಿ ಬರಲು ಸೀಳುಗಳಿರುತ್ತವೆ. ಅದರೊಳಗಿನ ತಗಡಿಗೆ ತುಕ್ಕು ಹಿಡಿದರೆ ಮಳೆನೀರು ನೇರವಾಗಿ ಕಾಲಿನ ಬಳಿ ಇಳಿದು ನೆಲದ ತಗಡನ್ನೂ ತಿನ್ನುತ್ತದೆ. ಪರೀಕ್ಷೆ ಸುಲಭ: ಸೀಳಿನೊಳಗೆ ನೀರು ಸುರಿದು ಕಾರಿನೊಳಗೆ ನೋಡುವುದು. ನಮ್ಮ ಕಾರ್ಪೆಟ್ಟು ನೆನೆಯಿತು. ಇಡೀ ಚಳಿಗಾಲ ತಗಡಿನ ಕೆಲಸದಲ್ಲೇ ಕಳೆಯಿತು.

ಸ್ಟಿಯರಿಂಗ್

ನಮ್ಮ ಕಾರಿಗೆ ಪವರ್ ಸ್ಟಿಯರಿಂಗ್ ಇರಲಿಲ್ಲ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಲು ಸುಮಾರು ಐದು ಸುತ್ತು. ಇಂದಿನ ಕಾರುಗಳಿಗೆ ಮೂರರ ಆಸುಪಾಸು ಸಾಕು. ಅದಕ್ಕಿಂತ ಭಯ ಹುಟ್ಟಿಸಿದ್ದು ಸವೆತ. ಸ್ಟಿಯರಿಂಗನ್ನು ಎರಡು ಇಂಚು ತಿರುಗಿಸಿದರೂ ಕಾರು ತನ್ನ ಪಾಡಿಗೆ ಹೋಗುತ್ತಿತ್ತು. ಇದನ್ನು ಹದಿನೇಳರ ಹುಡುಗನ ಕೈಗೆ ಕೊಡುವುದು ಹೇಗೆ?

ದಾರಿ ಮೂರು. ಮೊದಲನೆಯದು, ಸವೆದ ಬಾಲ್ ಜಾಯಿಂಟ್, ಟೈ ರಾಡ್ ತುದಿ, ಐಡ್ಲರ್ ಆರ್ಮ್ ಬದಲಿಸಿ, ಗೇರ್ ಬಾಕ್ಸ್ ಸರಿಪಡಿಸಿ, ಅಲೈನ್‌ಮೆಂಟ್ ಮಾಡಿಸುವುದು. ಇದು ಅಗ್ಗ, ಮುಂದೆ ಏನೇ ಮಾಡಿದರೂ ಸವೆದ ಭಾಗಗಳನ್ನು ಬದಲಿಸಲೇಬೇಕು. ಎರಡನೆಯದು, ಹಳೆಯ ಗೇರ್ ಬಾಕ್ಸಿನ ಜಾಗದಲ್ಲೇ ಪವರ್ ಇರುವ ಹೊಸ ಬಾಕ್ಸ್. ಅದಕ್ಕೆ ಪಂಪು, ಹೋಸು ಬೇಕು. ಮೂರನೆಯದು, ಇಂದಿನ ಕಾರುಗಳಂತೆ ರ‍್ಯಾಕ್ ಆಂಡ್ ಪಿನಿಯನ್. ಹಿಡಿತ ಚೆನ್ನ, ಆದರೆ ಕೆಲವು ಕಿಟ್‌ಗಳಲ್ಲಿ ಕಾರು ತಿರುಗಲು ಹೆಚ್ಚು ಜಾಗ ಬೇಡುತ್ತದೆ, ಎಕ್ಸಾಸ್ಟ್ ಕೊಳವೆಗೂ ತಾಗಬಹುದು. ನಾವು ಮೊದಲೆರಡನ್ನು ಮಾಡಿಸಿ, ಹಳೆಯ ಬಾಕ್ಸನ್ನು ಎಣ್ಣೆ ಸವರಿ ಜೋಪಾನವಾಗಿ ಇಟ್ಟಿದ್ದೇವೆ.

ಬ್ರೇಕು, ಬೆಲ್ಟು

1966ರ ಮಸ್ಟ್ಯಾಂಗಿನಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಬ್ರೇಕಿನ ಎಣ್ಣೆಗೆ ಒಂದೇ ಜಾಲ. ಎಲ್ಲಿ ಒಡೆದರೂ ಕಾಲಿನ ಬ್ರೇಕು ಪೂರ್ತಿ ಹೋಗುತ್ತದೆ. 1967ರಲ್ಲಿ ಅದು ಎರಡು ಜಾಲವಾಯಿತು. ನಾವೂ ಹಾಗೆ ಮಾಡಿಸಿದೆವು. ಸೊಂಟಕ್ಕಷ್ಟೇ ಇದ್ದ ಬೆಲ್ಟಿನ ಬದಲು ಭುಜಕ್ಕೂ ಬರುವ ಬೆಲ್ಟು ಹಾಕಿಸಿದೆವು.

ಬಣ್ಣ

ಕಾರು ಬಂದಾಗ ಕೆಂಪಗಿತ್ತು. ಮಗನಿಗೂ ಕೆಂಪೇ ಬೇಕಿತ್ತು. ಆದರೆ ಚಾಲಕನ ಬಾಗಿಲಿನ ಅಂಚಿನ ಫಲಕದಲ್ಲಿ ಬಣ್ಣದ ಸಂಕೇತ 'ಕೆ' ಎಂದಿತ್ತು: ನೈಟ್‌ಮಿಸ್ಟ್ ಬ್ಲೂ, ಕಡುನೀಲಿ. ಡಿಕ್ಕಿಯ ಚಾಪೆ ಎತ್ತಿದಾಗ ಅದೇ ನೀಲಿ ಮೂಲೆಯಲ್ಲಿ ಉಳಿದಿತ್ತು. 1968ರ 'ಬುಲಿಟ್' ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ ಹಸಿರು ಮಸ್ಟ್ಯಾಂಗ್, 2020ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ ಸುಮಾರು 37 ಲಕ್ಷ ಡಾಲರಿಗೆ ಹೋಯಿತು, ಅದೂ ಮಾಸಿದ ಹಳೆಯ ಬಣ್ಣದಲ್ಲೇ! ಈ ಕಥೆ ಕೇಳಿ ಮಗ ತಾನಾಗಿಯೇ ನೀಲಿ ಎಂದ.

ಒಂದು ಎಚ್ಚರಿಕೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಉಜ್ಜಿದ ಧೂಳು ಮಕ್ಕಳಿರುವ ಮನೆಗೆ ಬರಬಾರದು. ಗಟ್ಟಿಕಾರಕ ಬೆರೆಸಿ ಸ್ಪ್ರೇ ಮಾಡುವ ಇಂದಿನ ಬಣ್ಣಗಳಿಂದ ಏಳುವ ಐಸೋಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ. ಧೂಳಿನ ಮಾಸ್ಕು ಅದಕ್ಕೆ ಸಾಲದು. ಈ ಕೆಲಸವನ್ನು ಬೂತ್ ಇರುವ ಪೇಂಟರಿಗೇ ಬಿಡಿ. ಬಿಲ್ಲಿನ ದೊಡ್ಡ ಪಾಲು ಬಣ್ಣದ್ದಲ್ಲ, ಮೈಯನ್ನು ಸಮ ಮಾಡುವ ದುಡಿಮೆಯದು.

ಪ್ರಾಣಕ್ಕೆ ಸಂಬಂಧಿಸಿದ್ದನ್ನು ಹೊಸದು ಮಾಡಿದೆವು, ನೆನಪಿಗೆ ಸಂಬಂಧಿಸಿದ್ದನ್ನು ಉಳಿಸಿದೆವು. ಮಗ ಮೊದಲ ಸಲ ಓಡಿಸಿದ ದಿನ ಪಕ್ಕದಲ್ಲಿ ಅವನಮ್ಮ ಕುಳಿತಿದ್ದರು. ಇಳಿದವರು ಬಣ್ಣದ ಮಾತೇ ಎತ್ತಲಿಲ್ಲ. "ನೆಟ್ಟಗೆ ಹೋಗುತ್ತೆ ಕಣ್ರೀ" ಎಂದರು. ನಮಗೆ ಅಷ್ಟು ಸಾಕಿತ್ತು.