ಬೆಳೆಯೊಳಗಿನ ಕಳೆ, ಕಳೆಯೊಳಗಿನ ಬೆಳೆ

ಇಂಗ್ಲೆಂಡಿನ ತರಕಾರಿ ಅಂಗಡಿಗಳಲ್ಲಿ ಚಳಿಗಾಲ ಬಂತೆಂದರೆ ಕ್ಯಾರೆಟ್ ರಾಶಿಯ ಪಕ್ಕದಲ್ಲೇ ಇನ್ನೊಂದು ರಾಶಿ ಕಾಣಿಸುತ್ತದೆ. ಆಕಾರ ಕ್ಯಾರೆಟಿನದೇ, ಮೇಲ್ಭಾಗ ಮಾತ್ರ ಇನ್ನಷ್ಟು ದಪ್ಪ. ಬಣ್ಣ ಹಾಲಿನ ಕೆನೆಯದು. ಇದರ ಹೆಸರು ಪಾರ್ಸ್ನಿಪ್. ಕ್ರಿಸ್‌ಮಸ್ ಊಟಕ್ಕೆ ಆಲೂಗಡ್ಡೆಯ ಜೊತೆಗೆ ಇದನ್ನೂ ಎಣ್ಣೆ ಸವರಿ, ಓವನ್ನಿನಲ್ಲಿ ಕೆಂಪಗೆ ಸುಟ್ಟು ಬಡಿಸಬೇಕು. ನಮ್ಮಲ್ಲಿ ಸಂಕ್ರಾಂತಿಗೆ ಅವರೆಕಾಯಿ, ಗೆಣಸು ಇರಬೇಕಲ್ಲ, ಹಾಗೆ.

ಗೆಡ್ಡೆ ಎಂದು ಬಾಯಿಮಾತಿಗೆ ಹೇಳಿದರೂ ಇದು ನಿಜಕ್ಕೂ ಆಹಾರ ತುಂಬಿಕೊಂಡು ಊದಿದ ತಾಯಿಬೇರು. ಸಸ್ಯಶಾಸ್ತ್ರದಲ್ಲಿ ಪ್ಯಾಸ್ಟಿನೇಕ ಸಟೈವ. ಕೊತ್ತಂಬರಿ, ಜೀರಿಗೆ, ಓಮ, ಸಬ್ಬಸಿಗೆ, ಕ್ಯಾರೆಟ್ ಎಲ್ಲವೂ ಇದರ ದಾಯಾದಿಗಳೇ. ಕೊಡೆಯ ಕಡ್ಡಿಗಳು ಒಂದೇ ಬಿಂದುವಿನಿಂದ ಹರಡಿದಂತೆ ಹೂಗೊಂಚಲು ಬಿಡುವುದು ಈ ಕುಟುಂಬದ ಗುರುತು. ಪಾರ್ಸ್ನಿಪ್ ದ್ವೈವಾರ್ಷಿಕ ಸಸ್ಯ. ಮೊದಲ ವರ್ಷ ಬೇರಿನಲ್ಲಿ ಪಿಷ್ಟ ಕೂಡಿಡುತ್ತದೆ. ಎರಡನೆಯ ವರ್ಷ ಆ ಉಳಿತಾಯವನ್ನು ಖರ್ಚುಮಾಡಿ ಹೂ, ಬೀಜ ಬಿಡುತ್ತದೆ. ಚಳಿ ಬಿದ್ದಾಗ ಪಿಷ್ಟದ ಒಂದು ಭಾಗ ಸಕ್ಕರೆಯಾಗುವುದರಿಂದ ಹಿಮ ಸುರಿದ ಮೇಲೆ ಕಿತ್ತ ಬೇರು ಹೆಚ್ಚು ಸಿಹಿ. ಯೂರೋಪಿಗೆ ಅಮೆರಿಕದಿಂದ ಆಲೂಗಡ್ಡೆ ಬರುವ ಮೊದಲು, ಸಕ್ಕರೆ ಬಡವರ ಕೈಗೆ ಎಟುಕುವ ಮೊದಲು, ಹೊಟ್ಟೆ ತುಂಬಿಸಲೂ ಸಿಹಿಗೂ ಅಲ್ಲಿಯ ಜನ ಇದನ್ನು ನೆಚ್ಚಿಕೊಂಡಿದ್ದರು.

ಕೈತೋಟದಲ್ಲಿ ನಾಲ್ಕು ಸಾಲು ಬೆಳೆದುಕೊಳ್ಳುವವರಿಗೆ ಇದು ಸಾಧು ಬೆಳೆ. ಆದರೆ ಇಂಗ್ಲೆಂಡಿನ ಪೂರ್ವಭಾಗದ ನಾರ್ಫೋಕ್, ಸಫೋಕ್ ಪ್ರಾಂತಗಳ ಮರಳು ಭೂಮಿಯಲ್ಲಿ ಇದನ್ನು ಮಾರುಕಟ್ಟೆಗಾಗಿ ಹೆಕ್ಟೇರುಗಟ್ಟಲೆ ಬೆಳೆಯುವ ರೈತರನ್ನು ಕೇಳಿದರೆ ಮೊದಲ ಮಾತೇ ಕಳೆಯ ಬಗ್ಗೆ. ಮರಳು ಮಣ್ಣೇ ಯಾಕೆ? ಬೇರಿಗೆ ಕಲ್ಲು ಅಡ್ಡ ಸಿಕ್ಕರೆ ಅದು ಕವಲೊಡೆಯುತ್ತದೆ. ಎರಡು ಕಾಲಿನ ಪಾರ್ಸ್ನಿಪ್ಪನ್ನು ದೊಡ್ಡ ಅಂಗಡಿಯವರು ಕೊಳ್ಳುವುದಿಲ್ಲ.

27 ದಿನ ಕಾಯಬೇಕು

ಕಳೆಯ ಕಾಟದ ಗುಟ್ಟು ಬೀಜದಲ್ಲಿದೆ. ಪಾರ್ಸ್ನಿಪ್ ಬೀಜ ಚಪ್ಪಟೆ, ಹಗುರ, ಸುತ್ತ ತೆಳು ರೆಕ್ಕೆ, ಊದಿದರೆ ಹಾರಿಹೋಗುತ್ತದೆ. ಆಯುಷ್ಯವೂ ಕಡಿಮೆ. ಒಂದು ವರ್ಷ ದಾಟಿತೆಂದರೆ ಎಷ್ಟು ಮೊಳೆಯುತ್ತದೆ ಎಂಬ ಭರವಸೆಯಿಲ್ಲ. ಹೊಸ ಬೀಜವೇ ಆದರೂ ಅವಸರವಿಲ್ಲ. ಮಣ್ಣಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಕ್ಯಾರೆಟ್ ಸುಮಾರು 7 ದಿನಕ್ಕೆ ತಲೆಯೆತ್ತುತ್ತದೆ. ಪಾರ್ಸ್ನಿಪ್‌ಗೆ 14 ದಿನ. ಮಣ್ಣು 10 ಡಿಗ್ರಿಯಷ್ಟು ತಣ್ಣಗಿದ್ದರೆ ಸುಮಾರು 27 ದಿನ. 5 ಡಿಗ್ರಿಗೆ ಇಳಿದರೆ ಎರಡು ತಿಂಗಳಿಗೆ ಸಮೀಪ! ಇಂಗ್ಲೆಂಡಿನಲ್ಲಿ ಬಿತ್ತನೆಯ ಕಾಲ ಫೆಬ್ರವರಿಯಿಂದ ಮೇ ತಿಂಗಳವರೆಗೆ. ಅಲ್ಲಿಯ ಫೆಬ್ರವರಿ, ಮಾರ್ಚಿನ ಮಣ್ಣು ಎಷ್ಟು ಬೆಚ್ಚಗಿರುತ್ತದೆಂದು ಊಹಿಸಿಕೊಳ್ಳಬಹುದು.

ಇದನ್ನು ಮನೆಯಲ್ಲೇ ಸಣ್ಣದಾಗಿ ಪರೀಕ್ಷಿಸಬಹುದು. ಎರಡು ಕುಂಡಗಳಲ್ಲಿ ಒಂದೇ ದಿನ ಮೆಂತ್ಯ ಮತ್ತು ಒಡೆದ ಕೊತ್ತಂಬರಿ ಬೀಜ ಹಾಕಿ, ದಿನಾ ನೀರು ಚಿಮುಕಿಸಿ ನೋಡಿ. ಮೆಂತ್ಯ ಎರಡು ಮೂರು ದಿನದಲ್ಲೇ ಇಣುಕುತ್ತದೆ. ಕೊತ್ತಂಬರಿ ವಾರ ಕಳೆದರೂ ಕೆಲವೊಮ್ಮೆ ಸದ್ದಿಲ್ಲ. ಮೆಂತ್ಯವನ್ನು ಕಳೆ ಎಂದೂ ಕೊತ್ತಂಬರಿಯನ್ನು ಬೆಳೆ ಎಂದೂ ಭಾವಿಸಿಕೊಂಡರೆ ಪಾರ್ಸ್ನಿಪ್ ರೈತನ ಪಾಡು ಅರ್ಥವಾಗುತ್ತದೆ.

ಏಕೆಂದರೆ ಕಳೆ ಕಾಯುವುದಿಲ್ಲ. ಅಲ್ಲಿನ ಹೊಲಗಳಲ್ಲಿ ಮುಖ್ಯವಾದ ಕಳೆಗಳಲ್ಲಿ ಒಂದು ನಮಗೆ ಅಪರಿಚಿತವಲ್ಲ: ಉತ್ತರ ಭಾರತದವರು ಬಥುವಾ ಎಂದು ಸಾಗು ಮಾಡುವ, ನಮ್ಮಲ್ಲಿ ಚಕ್ರವರ್ತಿ ಸೊಪ್ಪು ಎನ್ನುವ ಗಿಡ. ಒಂದೊಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ. ಅವು ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲವು. ಒಂದು ವರ್ಷ ಕಳೆ ಬೀಜ ಕಟ್ಟಲು ಬಿಟ್ಟರೆ ಏಳು ವರ್ಷ ಕಳೆ ಕೀಳಬೇಕು ಎಂಬ ಗಾದೆ ಇಂಗ್ಲಿಷ್ ರೈತರ ಬಾಯಲ್ಲಿದೆ. ಇನ್ನೊಂದು ವಿಚಿತ್ರ ಕಳೆ ಆಲೂಗಡ್ಡೆ! ಹಿಂದಿನ ಬೆಳೆಯಲ್ಲಿ ಅಗೆಯದೆ ಉಳಿದ ಸಣ್ಣ ಗಡ್ಡೆಗಳು ಪಾರ್ಸ್ನಿಪ್ ಸಾಲಿನ ನಡುವೆ ಧುತ್ತೆಂದು ಚಿಗುರುತ್ತವೆ. ಅದರ ಅಗಲ ಎಲೆಯ ಕೆಳಗೆ ಪಾರ್ಸ್ನಿಪ್ ಸಸಿಗೆ ಬಿಸಿಲೇ ಬೀಳುವುದಿಲ್ಲ. ನಿನ್ನೆ ಹಣ ತಂದ ಬೆಳೆ ಇಂದು ಕಳೆ. ಬೇಡದ ಜಾಗದಲ್ಲಿ ಬೆಳೆದ ಗಿಡವೆಲ್ಲ ಕಳೆಯೇ ಎಂದು ಕೃಷಿ ಪುಸ್ತಕಗಳು ಹೇಳುವುದು ಇದಕ್ಕೇ.

ಗಾಜಿನ ತುಂಡಿನ ಉಪಾಯ

ಸಾಲುಗಳ ನಡುವಿನ ಕಳೆಯನ್ನು ಯಂತ್ರದಿಂದ ಕೆರೆದು ಹಾಕುವುದು ಸುಲಭ. ನಮ್ಮ ರೈತರು ಎಡೆಕುಂಟೆ ಹೊಡೆಯುವುದೂ ಇದೇ ತತ್ವ. ಕಷ್ಟವಿರುವುದು ಸಾಲಿನ ಒಳಗೆ, ಸಸಿಯ ಮಗ್ಗುಲಿಗೇ ಅಂಟಿಕೊಂಡು ಬೆಳೆಯುವ ಕಳೆಯಲ್ಲಿ. ಅದಕ್ಕಾಗಿ ಜಾಣ ರೈತರು ಪಾರ್ಸ್ನಿಪ್ಪಿನ ಸೋಮಾರಿತನವನ್ನೇ ಬಂಡವಾಳ ಮಾಡಿಕೊಂಡಿದ್ದಾರೆ.

ಮೊದಲು ಹೊಲವನ್ನು ಬಿತ್ತನೆಗೆಂದು ಪೂರ್ತಿ ಹದಮಾಡಿ, ಬಿತ್ತದೆ ಕೆಲವು ವಾರ ಸುಮ್ಮನೆ ಬಿಡುತ್ತಾರೆ. ಮೇಲ್ಪದರದ ಕಳೆಬೀಜಗಳು ಮೋಸಹೋಗಿ ಮೊಳೆಯುತ್ತವೆ. ಅವನ್ನು ಮಣ್ಣು ಹೆಚ್ಚು ಕೆದಕದೆ ನಾಶಮಾಡಿ ಆಮೇಲೆ ಬಿತ್ತನೆ. ಆಳವಾಗಿ ಕೆದಕಿದರೆ ಕೆಳಗಿನ ಹೊಸ ಬೀಜಗಳು ಮೇಲೆ ಬಂದು ಮಾಡಿದ್ದೆಲ್ಲ ವ್ಯರ್ಥ. ಬಿತ್ತಿದ ಮೇಲೆ ಮೂರು ನಾಲ್ಕು ವಾರ ಪಾರ್ಸ್ನಿಪ್ ನೆಲದೊಳಗೇ ಇರುತ್ತದಲ್ಲ, ಆಗ ಎರಡನೆಯ ಸುತ್ತಿನ ಕಳೆ ಹುಟ್ಟುತ್ತದೆ. ಪಾರ್ಸ್ನಿಪ್ ತಲೆಯೆತ್ತುವ ಹಿಂದಿನ ದಿನ ಟ್ರ್ಯಾಕ್ಟರಿಗೆ ಗ್ಯಾಸ್ ಬರ್ನರ್‌ಗಳನ್ನು ಕಟ್ಟಿ ಹೊಲದ ಮೇಲೆ ಜ್ವಾಲೆ ಹಾಯಿಸಿದರೆ ಆ ಕಳೆಯೂ ಮುಗಿಯಿತು.

ಆದರೆ ಆ ಹಿಂದಿನ ದಿನ ಯಾವುದೆಂದು ತಿಳಿಯುವುದು ಹೇಗೆ? ಒಂದು ದಿನ ತಡವಾದರೆ ಬೆಳೆಯೇ ಸುಟ್ಟುಹೋದೀತು. ಇಲ್ಲಿ ಬರುತ್ತದೆ ಗಾಜಿನ ತುಂಡು. ಬಿತ್ತಿದ ಸಾಲಿನ ಮೇಲೆ ಅಲ್ಲಲ್ಲಿ ಒಂದು ಗಾಜಿನ ಹಲಗೆ ಇಡುತ್ತಾರೆ. ಗಾಜಿನ ಕೆಳಗಿನ ಮಣ್ಣು ಬಿಸಿಲಿಗೆ ಹೆಚ್ಚು ಬೆಚ್ಚಗಾಗಿ ಅಲ್ಲಿನ ಬೀಜ ಒಂದೆರಡು ದಿನ ಮುಂಚೆ ಮೊಳೆಯುತ್ತದೆ. ಅಲ್ಲಿ ಮೊಳಕೆ ಕಂಡ ಕೂಡಲೇ ಬರ್ನರ್ ಹೊರಡಬೇಕು. ಹಸಿರುಮನೆಯ ತತ್ವವನ್ನು ಇಷ್ಟು ಅಗ್ಗದಲ್ಲಿ ದುಡಿಸಿಕೊಂಡದ್ದು ಕಡಿಮೆಯೇ.

ಜ್ವಾಲೆಯೆಂದರೆ ಕಳೆಯನ್ನು ಬೂದಿ ಮಾಡಬೇಕೆಂದಿಲ್ಲ. ಕ್ಷಣಮಾತ್ರದ ಶಾಖಕ್ಕೆ ಜೀವಕೋಶಗಳ ಪೊರೆ ಒಡೆದರೆ ಸಾಕು, ಗಿಡ ತಾನಾಗಿ ಒಣಗುತ್ತದೆ. ಎಲೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಮೆಲ್ಲಗೆ ಒತ್ತಿದಾಗ ಕಡುಹಸಿರು ಗುರುತು ಉಳಿದರೆ ಕೆಲಸವಾಯಿತೆಂದು ಅರ್ಥ.

ಸೀಮೆಎಣ್ಣೆಯಿಂದ ಲಿನುರಾನ್‌ವರೆಗೆ

ಇಷ್ಟೆಲ್ಲ ಯಾಕೆ, ಕಳೆನಾಶಕ ಸಿಂಪಡಿಸಬಾರದೆ? ಸಿಂಪಡಿಸುತ್ತಾರೆ, ಬಹುಪಾಲು ರೈತರು ನಂಬಿರುವುದು ಅದನ್ನೇ. ಆದರೆ ಕಳೆಯನ್ನು ಕೊಂದು ಬೆಳೆಯನ್ನು ಬಿಡುವ ರಾಸಾಯನಿಕ ಬೇಕಲ್ಲ! ಇದರ ಇತಿಹಾಸ ಸ್ವಾರಸ್ಯದ್ದು. 1940ರ ದಶಕದಲ್ಲಿ ಕ್ಯಾರೆಟ್, ಪಾರ್ಸ್ನಿಪ್ ಹೊಲಗಳಿಗೆ ಸೀಮೆಎಣ್ಣೆಯ ಜಾತಿಗೆ ಸೇರಿದ ಪೆಟ್ರೋಲಿಯಂ ಎಣ್ಣೆಯನ್ನು ಸಿಂಪಡಿಸುವ ಪದ್ಧತಿ ಬಂತು. ಕಳೆಗಳು ಬಾಡಿ ಸತ್ತವು. ಕೊತ್ತಂಬರಿ ಕುಟುಂಬದ ಗಿಡಗಳು ಮಾತ್ರ ನಿಂತವು. ಅವುಗಳ ಕೋಶಪೊರೆಗಳು ಆ ಎಣ್ಣೆಯನ್ನು ತಡೆದುಕೊಳ್ಳುತ್ತವೆ. ತಡವಾಗಿ ಸಿಂಪಡಿಸಿದರೆ ತರಕಾರಿಗೇ ಎಣ್ಣೆಯ ವಾಸನೆ ಹಿಡಿಯುತ್ತಿತ್ತು ಎಂಬುದು ಬೇರೆ ಮಾತು.

1960ರ ದಶಕದಲ್ಲಿ ಲಿನುರಾನ್ ಬಂದ ಮೇಲೆ ಆ ಎಣ್ಣೆ ಮೂಲೆಗೆ ಸೇರಿತು. ಲಿನುರಾನ್ ಎಲೆಯಲ್ಲಿ ದ್ಯುತಿಸಂಶ್ಲೇಷಣೆಯ ಒಂದು ಹಂತದಲ್ಲಿ ಎಲೆಕ್ಟ್ರಾನುಗಳ ಓಟಕ್ಕೆ ತಡೆ ಹಾಕುತ್ತದೆ. ಬೆಳಕಿದ್ದೂ ಕಳೆ ಉಪವಾಸ ಬೀಳುತ್ತದೆ. ಕ್ಯಾರೆಟ್ ಕುಟುಂಬದ ಗಿಡಗಳು ಇದನ್ನು ಬೇಗನೆ ಒಡೆದು ನಿರುಪದ್ರವಿ ಮಾಡಿಕೊಳ್ಳುತ್ತವೆ. ಬೆಳೆ ಮೇಲೆ ಬಂದ ನಂತರವೂ ಸಿಂಪಡಿಸಬಹುದಾದ್ದರಿಂದ ಅರ್ಧ ಶತಮಾನ ರೈತರು ಇದರ ಆಸರೆಯಲ್ಲೇ ಬದುಕಿದರು. ಆದರೆ ಸಂತಾನಶಕ್ತಿಗೆ, ಹಾರ್ಮೋನುಗಳ ಕೆಲಸಕ್ಕೆ ಇದು ಹಾನಿಕರವೆಂಬ ಆಧಾರದ ಮೇಲೆ 2017ರಲ್ಲಿ ಯೂರೋಪಿಯನ್ ಒಕ್ಕೂಟ ಇದರ ಪರವಾನಗಿಯನ್ನು ನವೀಕರಿಸಲಿಲ್ಲ. 2018ರಲ್ಲಿ ಬ್ರಿಟನ್ನಿನ ಹೊಲಗಳಲ್ಲೂ ಅದರ ಬಳಕೆ ನಿಂತಿತು.

ತೀರ್ಮಾನ ಸರಿಯಾದದ್ದೇ. ಊಟದ ತಟ್ಟೆಗೆ ಬರುವ ಬೇರಿನ ವಿಚಾರದಲ್ಲಿ ಎಚ್ಚರ ಹೆಚ್ಚಾದರೆ ನಷ್ಟವಿಲ್ಲ. ಆದರೆ ಭಾರ ಬಿದ್ದದ್ದು ರೈತರ ಮೇಲೆ. ಗೋಧಿ, ಜೋಳದಂಥ ದೊಡ್ಡ ಬೆಳೆಗಳಿಗೆ ಹೊಸ ಔಷಧಿ ಹುಡುಕಲು ಕಂಪೆನಿಗಳು ಮುಂದೆ ಬರುತ್ತವೆ. ಪಾರ್ಸ್ನಿಪ್ಪಿನಂಥ ಸಣ್ಣ ಬೆಳೆಗಾಗಿ ಪರೀಕ್ಷೆಗಳ ಖರ್ಚು ಹೊರುವವರು ಅಪರೂಪ. ಈಗ ಮುಖ್ಯ ಭರವಸೆ ಪೆಂಡಿಮೆಥಾಲಿನ್‌ನಂತಹ, ಬಿತ್ತಿದ ಕೂಡಲೇ ಮಣ್ಣಿಗೆ ಸಿಂಪಡಿಸುವ ಕಳೆನಾಶಕಗಳು. ನಮ್ಮ ಈರುಳ್ಳಿ, ಶೇಂಗಾ ಬೆಳೆಗಾರರಿಗೂ ಇದು ಗೊತ್ತು. ಮಣ್ಣಿನ ಮೇಲೆ ತೆಳುವಾದ ಪದರವಾಗಿ ನಿಂತು, ಅದನ್ನು ಹಾದುಬರುವ ಎಳೆಯ ಕಳೆಯ ಕೋಶವಿಭಜನೆಯನ್ನೇ ನಿಲ್ಲಿಸುತ್ತದೆ. ಪಾರ್ಸ್ನಿಪ್ ಬೀಜ ಆ ಪದರಕ್ಕಿಂತ ಕೆಳಗಿರಬೇಕು. ಮಣ್ಣು ತೀರ ಒಣಗಿದ್ದರೆ ಔಷಧಿ ಕೆಲಸ ಮಾಡದು. ಮರಳು ಮಣ್ಣಿನ ಮೇಲೆ ಜಡಿಮಳೆ ಸುರಿದರೆ ಕೆಳಗಿಳಿದು ಬೆಳೆಗೇ ಕುತ್ತು.

ಉಳಿದದ್ದು ಕೈಗಳು. ರಾಸಾಯನಿಕ ಬಳಸದ ಸಾವಯವ ಹೊಲಗಳಲ್ಲಿ ನೋಡಬೇಕಾದ ದೃಶ್ಯವೊಂದಿದೆ. ನಿಧಾನವಾಗಿ ತೆವಳುವ ಅಗಲವಾದ ಗಾಡಿಯ ಮೇಲೆ ಹಾಸಿಗೆಗಳಿವೆ. ಕೂಲಿಯಾಳುಗಳು ಅವುಗಳ ಮೇಲೆ ಸಾಲಾಗಿ ಬೋರಲು ಮಲಗಿ, ಕೈ ಕೆಳಗೆ ಇಳಿಬಿಟ್ಟು ಕಳೆ ಕೀಳುತ್ತಾ ಸಾಗುತ್ತಾರೆ. ದಿನವಿಡೀ ಬಗ್ಗಿ ಕಳೆ ಕೀಳುವ ನಮ್ಮ ಹೆಣ್ಣುಮಕ್ಕಳು ಇದನ್ನು ಕಂಡರೆ ನಕ್ಕಾರು, ಇಲ್ಲವೆ ಇಂಥ ಗಾಡಿ ತಮಗೂ ಒಂದಿರಲಿ ಎಂದಾರು! ಕ್ಯಾಮೆರಾ ಕಣ್ಣಿನಿಂದ ಸಾಲು ಗುರುತಿಸಿ ಕಳೆ ಕೆರೆಯುವ ಯಂತ್ರಗಳು ಬಳಕೆಯಲ್ಲಿವೆ. 2020ರ ದಶಕದಲ್ಲಿ ಒಂದೊಂದು ಕಳೆಯನ್ನೂ ಗುರುತಿಸಿ ಲೇಸರ್‌ನಿಂದ ಸುಡುವ ಯಂತ್ರಗಳೂ ಬಂದಿವೆ. ಬೆಲೆ ಕೇಳಿದರೆ ಸಣ್ಣ ರೈತ ಹಿಂದೆ ಸರಿಯಬೇಕು.

ಬಿಸಿಲಿನ ಜೊತೆ ಸೇರಿದ ರಸ

ಪಾರ್ಸ್ನಿಪ್ ಹೊಲದ ಕೂಲಿಯಾಳುಗಳು ಸೆಕೆಯಲ್ಲೂ ಉದ್ದ ತೋಳಿನ ಅಂಗಿ, ಕೈಗವಸು ಹಾಕಿಕೊಳ್ಳಲು ಕಾರಣವಿದೆ. ಇದರ ಎಲೆ, ಕಾಂಡದ ರಸದಲ್ಲಿ ಫ್ಯುರಾನೊಕೌಮರಿನ್ ಎಂಬ ರಾಸಾಯನಿಕಗಳಿವೆ. ರಸ ಚರ್ಮಕ್ಕೆ ತಗಲಿದಾಗ ಏನೂ ಅನ್ನಿಸುವುದಿಲ್ಲ. ಆ ಜಾಗಕ್ಕೆ ಬಿಸಿಲು ಬಿದ್ದರೆ ಅದರಲ್ಲಿನ ನೇರಳಾತೀತ ಕಿರಣಗಳ ಶಕ್ತಿ ಪಡೆದು ಈ ಅಣುಗಳು ಚರ್ಮಕೋಶದ ಡಿಎನ್‌ಎ ಎಳೆಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತವೆ. ಒಂದೆರಡು ದಿನಗಳಲ್ಲಿ ಸುಟ್ಟಂತೆ ಬೊಕ್ಕೆ ಏಳುತ್ತದೆ. ವಾಸಿಯಾದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಇದೇ ಗುಂಪಿನ ಸೊರಾಲೆನ್ ನಮ್ಮ ಬಾವಂಚಿ ಬೀಜದಲ್ಲಿದೆ. ತೊನ್ನಿಗೆ ಬಾವಂಚಿ ಲೇಪಿಸಿ ಬಿಸಿಲಿಗೆ ಒಡ್ಡುವ ಹಳೆಯ ಚಿಕಿತ್ಸೆಯ ಹಿಂದಿರುವುದೂ ಈ ರಸಾಯನವೇ. ವೈದ್ಯರ ಸಲಹೆಯಿಲ್ಲದೆ ಅದನ್ನು ಮಾಡಹೊರಟರೆ ಬೊಕ್ಕೆ ಖಂಡಿತ. ಪಾರ್ಸ್ನಿಪ್ ತಿನ್ನುವವರು ಹೆದರಬೇಕಾಗಿಲ್ಲ. ಆದರೆ ಗಾಯಗೊಂಡ, ಬೂಷ್ಟು ಹಿಡಿದ ಬೇರಿನಲ್ಲಿ ಈ ವಸ್ತು ಹೆಚ್ಚಿರುವುದರಿಂದ ಅಂಥದ್ದನ್ನು ಎಸೆಯುವುದೇ ಲೇಸು.

ಗಿಡಕ್ಕೆ ಇದು ಆತ್ಮರಕ್ಷಣೆಯ ಆಯುಧ. 17ನೆಯ ಶತಮಾನದಲ್ಲಿ ಯೂರೋಪಿನ ವಲಸೆಗಾರರು ಪಾರ್ಸ್ನಿಪ್ ಬೀಜವನ್ನು ಉತ್ತರ ಅಮೆರಿಕಕ್ಕೆ ಒಯ್ದರು. ತೋಟದಿಂದ ತಪ್ಪಿಸಿಕೊಂಡ ಗಿಡ ಅಲ್ಲಿ ಕಾಡಾಯಿತು. ಇಂದು ವಿಸ್ಕಾನ್ಸಿನ್, ಮಿನ್ನೆಸೋಟ, ಕೆನಡಾದ ಒಂಟಾರಿಯೊಗಳ ರಸ್ತೆ ಬದಿಯಲ್ಲಿ ಆಳೆತ್ತರ ಬೆಳೆದು ಹಳದಿ ಹೂಬಿಡುವ ಅದೇ ಪಾರ್ಸ್ನಿಪ್ಪನ್ನು ಕಡಿದು ಹಾಕಲು ಹಣ ಸುರಿಯುತ್ತಾರೆ. ಒಂದು ಕಡೆ ಕಳೆಯಿಂದ ಕಾಪಾಡಬೇಕಾದ ಬೆಳೆ, ಇನ್ನೊಂದು ಕಡೆ ತಾನೇ ಕಳೆ! ಅದರ ಹೂಗೊಂಚಲಿಗೆ ಬಲೆ ನೇಯ್ದು ತಿನ್ನುವ ಒಂದು ಪತಂಗದ ಹುಳು ಯೂರೋಪಿನಲ್ಲಿದೆ. 1869ರಲ್ಲಿ ಅದು ಅಮೆರಿಕದಲ್ಲೂ ಕಾಣಿಸಿಕೊಂಡಿತು. ಇಲಿನಾಯ್ ವಿಶ್ವವಿದ್ಯಾಲಯದ ಆರ್ಥರ್ ಜಾಂಗರ್ಲ್ ಮತ್ತು ಮೇ ಬೆರೆನ್‌ಬಾಮ್ ಅವರು ಸಸ್ಯಸಂಗ್ರಹಗಳಲ್ಲಿ ಒಣಗಿಸಿಟ್ಟ, ಸುಮಾರು ಒಂದೂವರೆ ಶತಮಾನದ ಮಾದರಿಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಫಲಿತಾಂಶ ಕುತೂಹಲದ್ದು: ಹುಳು ಬರುವ ಮೊದಲಿನ ಗಿಡಗಳಲ್ಲಿ ವಿಷ ಕಡಿಮೆ, ಬಂದ ಮೇಲಿನ ಗಿಡಗಳಲ್ಲಿ ಹೆಚ್ಚು. ಶತ್ರುವಿಲ್ಲದಾಗ ಕೆಳಗಿಟ್ಟ ಆಯುಧವನ್ನು ಗಿಡದ ಪೀಳಿಗೆಗಳು ಮತ್ತೆ ಕೈಗೆತ್ತಿಕೊಂಡಿದ್ದವು. ಯಾರೋ ಒಣಗಿಸಿ ಕಾಗದಕ್ಕೆ ಅಂಟಿಸಿಟ್ಟ ಎಲೆಗಳು ವಿಕಾಸದ ಸಾಕ್ಷಿ ಹೇಳಿದ್ದು ಹೀಗೆ.

ಹಿಮ್ಮುಖವಾಗಿಯೂ ಈ ದಾರಿಯಲ್ಲಿ ನಡೆದವರಿದ್ದಾರೆ. 1847ರಲ್ಲಿ ಇಂಗ್ಲೆಂಡಿನ ಸೈರನ್‌ಸೆಸ್ಟರ್‌ನ ರಾಯಲ್ ಕೃಷಿ ಕಾಲೇಜಿನ ಪ್ರಾಧ್ಯಾಪಕ ಜೇಮ್ಸ್ ಬಕ್‌ಮನ್ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುತ್ತಿದ್ದ ಕಾಡು ಪಾರ್ಸ್ನಿಪ್ಪಿನ ಬೀಜ ಆರಿಸಿ ತಂದರು. ಕಾಡು ಗಿಡದ ಬೇರು ಸಣಕಲು, ನಾರು, ಕವಲು. ಬಿತ್ತಿದ ಗಿಡಗಳಲ್ಲಿ ಬೇರು ತುಸು ದಪ್ಪ, ನೇರ ಇದ್ದವುಗಳನ್ನು ಮಾತ್ರ ಬೀಜಕ್ಕೆ ಉಳಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಿದರು. ಹೀಗೆ ಹತ್ತು ಹನ್ನೆರಡು ವರ್ಷ ನಡೆಯಿತು. ಕೊನೆಗೆ ಬಂದ ನಯವಾದ, ಉದ್ದ ಬೇರಿನ ತಳಿಯನ್ನು 1860ರಲ್ಲಿ ಸಟನ್ಸ್ ಬೀಜ ಕಂಪೆನಿ ಮಾರುಕಟ್ಟೆಗೆ ತಂದಿತು. ಅದಕ್ಕೆ ಇಟ್ಟ ಹೆಸರು ‘ದಿ ಸ್ಟೂಡೆಂಟ್’. ಆ ‘ವಿದ್ಯಾರ್ಥಿ’ಯ ಬೀಜ ಇಂದಿಗೂ ಮಾರಾಟಕ್ಕೆ ಸಿಗುತ್ತದೆ. ಮೊಳೆಯಲು ಮಾತ್ರ ಅದೂ ಮೂರು ವಾರ ಕಾಯಿಸುತ್ತದೆ.